ಪಾಠ ಬದಲಾಯಿತು, ಪರೀಕ್ಷೆ ಬದಲಾಯಿತೇ?

ಈಗ ಪದವಿ ತರಗತಿಗೆ ಸೇರುತ್ತಿರುವ 18 ವರ್ಷದ ವಿದ್ಯಾರ್ಥಿಗಳು ದುಡಿಮೆಯಿಂದ ನಿವೃತ್ತರಾಗುವ ಹೊತ್ತಿಗೆ ಕಾಲ 2070ರ ಆಸುಪಾಸಿಗೆ ಬಂದಿರುತ್ತದೆ. ಅವರ ಕೈಗೆ ಸಿಗುವ ಪಠ್ಯಕ್ರಮವಾದರೋ ಕೆಲವು ವರ್ಷಗಳ ಹಿಂದೆ ಅಧ್ಯಯನ ಮಂಡಳಿಯೊಂದು ಕುಳಿತು ಚರ್ಚಿಸಿದ್ದು, ಬಳಿಕ ವಿದ್ವತ್ ಪರಿಷತ್ತಿನ ಒಪ್ಪಿಗೆ ಪಡೆದು, ನಿಯಂತ್ರಣ ಸಂಸ್ಥೆಗಳ ಮಾನ್ಯತೆಯನ್ನೂ ದಾಟಿ ಹೊರಬಂದದ್ದು. ಅದನ್ನು ಬೋಧಿಸುವವರು ಕಲಿತದ್ದು ಅದಕ್ಕೂ ಹಿಂದಿನ ದಶಕಗಳಲ್ಲಿ. ಹೀಗೆ ವಿಶ್ವವಿದ್ಯಾಲಯವು ತನ್ನ ರಚನೆಯಿಂದಲೇ ಹಿಂದಿನ ತಿಳಿವಳಿಕೆಯನ್ನು ಮುಂದಿನ ಬದುಕಿಗೆ ದಾಟಿಸುವ ಸಂಸ್ಥೆಯಾಗಿದೆ. ಈ ಎರಡರ ನಡುವಿನ ಅಂತರ ಎಂದೂ ಇತ್ತು. ಆದರೆ ಕೆಲಸದ ಸ್ವರೂಪವು ಒಂದೇ ತಲೆಮಾರಿನೊಳಗೆ ಹಲವು ಬಾರಿ ಬದಲಾಗುತ್ತಿರುವ ಈ ಕಾಲದಲ್ಲಿ ಆ ಅಂತರವನ್ನು ಕಡೆಗಣಿಸಿ ಕುಳಿತಿರಲು ಯಾವ ವಿಶ್ವವಿದ್ಯಾಲಯಕ್ಕೂ ಆಗುತ್ತಿಲ್ಲ.

ಇದಕ್ಕೆ ವಿಶ್ವವಿದ್ಯಾಲಯಗಳು ಕೊಡುತ್ತಿರುವ ಉತ್ತರಗಳಲ್ಲಿ ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ಹೊಸ ಹೆಸರಿನ ಕೋರ್ಸುಗಳು: ದತ್ತಾಂಶ ವಿಜ್ಞಾನ, ಸೈಬರ್ ಭದ್ರತೆ, ಕೃತಕ ಬುದ್ಧಿಮತ್ತೆ, ಸುಸ್ಥಿರ ಅಭಿವೃದ್ಧಿ. ಪ್ರವೇಶ ಪ್ರಕಟಣೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರುವುದೂ ಇವೇ. ಇವು ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಕೋರ್ಸಿನ ಹೆಸರು ಹೊಸದಾಗಿ, ಬೋಧನೆ ಹಳೆಯ ರೀತಿಯಲ್ಲೇ ನಡೆದು, ವರ್ಷದ ಕೊನೆಗೆ ಅದೇ ಮೂರು ಗಂಟೆಯ ಲಿಖಿತ ಪರೀಕ್ಷೆ ಕಾದಿದ್ದರೆ ವಿದ್ಯಾರ್ಥಿಯು ಕಲಿಯುವ ಬಗೆಯಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಏನನ್ನು ಪರೀಕ್ಷಿಸಲಾಗುತ್ತದೆಯೋ ಅದನ್ನೇ ವಿದ್ಯಾರ್ಥಿಗಳು ಕಲಿಯುತ್ತಾರೆ. ಉಳಿದದ್ದನ್ನು ಕೇಳಿಸಿಕೊಂಡು ಬಿಡುತ್ತಾರೆ. ಆದ್ದರಿಂದ ವಿಶ್ವವಿದ್ಯಾಲಯವೊಂದು ನಿಜಕ್ಕೂ ಬದಲಾಗುತ್ತಿದೆಯೇ ಎಂಬುದನ್ನು ತಿಳಿಯಲು ಅದರ ಕೋರ್ಸುಗಳ ಪಟ್ಟಿಗಿಂತ ಅದರ ಮೌಲ್ಯಮಾಪನ ಪದ್ಧತಿಯನ್ನು ನೋಡುವುದು ಹೆಚ್ಚು ಉಪಯುಕ್ತ. ಪಠ್ಯ, ತರಗತಿ, ಕೆಲಸದ ಅನುಭವ, ಕಾಲಾವಧಿ ಇವೆಲ್ಲವೂ ಬದಲಾಗುತ್ತಿರುವ ಬಗೆಯನ್ನು ವಿವರಿಸುತ್ತ ಕೊನೆಗೆ ಆ ವಿಷಯಕ್ಕೆ ಬರುತ್ತೇನೆ.

ಮೊದಲು ಪಠ್ಯದ ಪ್ರಶ್ನೆ. ಮುಂದೆ ಯಾವ ಕೆಲಸಗಳಿರುತ್ತವೆ ಎಂದು ಖಚಿತವಾಗಿ ತಿಳಿದಿದ್ದರೆ ಅವುಗಳಿಗೆ ಬೇಕಾದದ್ದನ್ನೇ ಕಲಿಸಬಹುದಿತ್ತು. ಆದರೆ ಅಂತಹ ಮುನ್ಸೂಚನೆಗಳನ್ನು ನೆಚ್ಚಿಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಒಂದು ಹೆಸರಾಂತ ಉದಾಹರಣೆಯಿದೆ. ಆಕ್ಸ್‌ಫರ್ಡ್‌ನ ಸಂಶೋಧಕರಾದ ಕಾರ್ಲ್ ಫ್ರೇ ಮತ್ತು ಮೈಕಲ್ ಆಸ್ಬರ್ನ್ 2013ರಲ್ಲಿ ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಾಂತ್ರೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದು ಅಂದಾಜು ಮಾಡಿದರು. ಮೂರು ವರ್ಷಗಳ ನಂತರ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಗಾಗಿ ನಡೆದ ಮತ್ತೊಂದು ಅಧ್ಯಯನವು ಉದ್ಯೋಗವನ್ನು ಇಡಿಯಾಗಿ ತೆಗೆದುಕೊಳ್ಳದೆ ಅದರೊಳಗಿನ ಬಿಡಿ ಬಿಡಿ ಕೆಲಸಗಳನ್ನು ನೋಡಿ ಆ ಪ್ರಮಾಣ ಸುಮಾರು ಶೇ 9 ಎಂದಿತು. ಎರಡೂ ಗಂಭೀರವಾದ ಅಧ್ಯಯನಗಳೇ. ಲೆಕ್ಕ ಹಾಕುವ ಘಟಕ ಬದಲಾದೊಡನೆ ಭವಿಷ್ಯದ ಚಿತ್ರವೇ ಬದಲಾಯಿತು. ಇಂತಹ ಅಂದಾಜಿನ ಮೇಲೆ ನಾಲ್ಕು ವರ್ಷಗಳ ಪದವಿಯನ್ನು ಕಟ್ಟುವುದು ವಿವೇಕದ ಕೆಲಸವಾಗಲಾರದು.

ಇನ್ನೊಂದು ಸಂಗತಿಯೂ ಇದೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೊರೆ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್ ಮುಂತಾದ ಅನ್ವಯಿಕ ವಿಷಯಗಳ ಪದವೀಧರರಿಗೆ ಆರಂಭದಲ್ಲಿ ಉಳಿದವರಿಗಿಂತ ಗಣನೀಯವಾಗಿ ಹೆಚ್ಚು ವೇತನ ದೊರೆತರೂ, ಆ ಹೆಚ್ಚಳವು ವೃತ್ತಿಯ ಮೊದಲ ದಶಕದಲ್ಲೇ ಬಹಳಷ್ಟು ಕುಗ್ಗುತ್ತದೆ ಎಂದು ತೋರಿಸಿದರು. ಆ ಕ್ಷೇತ್ರಗಳಲ್ಲಿ ಬೇಡಿಕೆಯಿರುವ ನಿರ್ದಿಷ್ಟ ಕೌಶಲಗಳು ಬೇಗ ಹಳತಾಗುವುದು ಇದಕ್ಕೆ ಕಾರಣ. ಕಾಲೇಜಿನಲ್ಲಿ ಕಲಿತ ತಂತ್ರಾಂಶ ಅಥವಾ ಉಪಕರಣ ಹತ್ತು ವರ್ಷಗಳಲ್ಲಿ ಮೂಲೆ ಸೇರುತ್ತದೆ, ಅದನ್ನು ಬಿಟ್ಟು ಹೊಸದನ್ನು ಕಲಿಯುವ ಹೊರೆ ಮಾತ್ರ ಪದವೀಧರರ ಮೇಲೆಯೇ ಉಳಿಯುತ್ತದೆ. ಇದರಿಂದ ತಾಂತ್ರಿಕ ಶಿಕ್ಷಣ ವ್ಯರ್ಥವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಬೇಗ ಹಳತಾಗುವ ಭಾಗವನ್ನೂ ದೀರ್ಘಕಾಲ ಬಾಳುವ ಭಾಗವನ್ನೂ ಬೇರ್ಪಡಿಸಿ, ಎರಡಕ್ಕೂ ಎಷ್ಟೆಷ್ಟು ಸಮಯ ಕೊಡಬೇಕೆಂದು ಲೆಕ್ಕ ಹಾಕುವುದೇ ಈಗ ಪಠ್ಯ ರಚನೆಯ ಮುಖ್ಯ ಸವಾಲು. ಸಂಭವನೀಯತೆ, ತರ್ಕ, ಸ್ಪಷ್ಟ ಬರವಣಿಗೆ, ಪುರಾವೆಯನ್ನು ತೂಗಿ ನೋಡುವ ಅಭ್ಯಾಸ ಇವು ನಿಧಾನವಾಗಿ ಹಳತಾಗುವಂಥವು. ಒಂದು ನಿರ್ದಿಷ್ಟ ತಂತ್ರಾಂಶದ ಆದೇಶಗಳು ಹಾಗಲ್ಲ.

ಈ ಲೆಕ್ಕಾಚಾರವನ್ನು ವಿಶ್ವವಿದ್ಯಾಲಯಗಳು ಬೇರೆ ಬೇರೆ ರೀತಿಯಲ್ಲಿ ಮಾಡುತ್ತಿವೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯವು ಕೃತಕ ಬುದ್ಧಿಮತ್ತೆಯನ್ನು ಒಂದೇ ವಿಭಾಗದ ಸ್ವತ್ತಾಗಿಸದೆ, ಕೃಷಿ, ವೈದ್ಯಕೀಯ, ಕಲೆ ಮೊದಲಾದ ಎಲ್ಲ ಶಾಖೆಗಳ ಪಠ್ಯದಲ್ಲೂ ಅದಕ್ಕೆ ಜಾಗ ಮಾಡಿಕೊಡುವ ಯೋಜನೆಯನ್ನು ಕೈಗೊಂಡಿದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯವು ಒಂದು ತಂತ್ರಜ್ಞಾನ ಕಂಪನಿಯೊಡನೆ ಸೇರಿ 2018ರಲ್ಲಿ ಕೃತಕ ಬುದ್ಧಿಮತ್ತೆಯ ಮೂಲಾಂಶಗಳ ಕುರಿತ ಉಚಿತ ಆನ್‌ಲೈನ್ ಕೋರ್ಸನ್ನು ತೆರೆದಾಗ ತನ್ನ ದೇಶದ ಜನಸಂಖ್ಯೆಯ ಶೇ 1ರಷ್ಟು ಮಂದಿಗೆ ಅದನ್ನು ಕಲಿಸುವ ಗುರಿ ಇಟ್ಟುಕೊಂಡಿತು. ಅಲ್ಲಿ ಕಲಿಯುವವರು ಪ್ರವೇಶ ಪಡೆದ ವಿದ್ಯಾರ್ಥಿಗಳೇ ಆಗಿರಬೇಕಿರಲಿಲ್ಲ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯವು ಭೂವಿಜ್ಞಾನ ಮತ್ತು ಖಗೋಳ ವಿಜ್ಞಾನದ ಅಧ್ಯಾಪಕರನ್ನು ಒಂದೇ ಬೋಧನಾ ಘಟಕದೊಳಗೆ ತಂದು, ವಿಭಾಗಗಳ ನಡುವಿನ ಗೋಡೆಯನ್ನು ಆಡಳಿತದ ಮಟ್ಟದಲ್ಲೇ ತೆಗೆಯಿತು. ಅಂತರಶಿಸ್ತೀಯ ಅಧ್ಯಯನದ ಬಗ್ಗೆ ಮಾತನಾಡುವವರು ಬಹಳ. ಬಜೆಟ್ಟು, ನೇಮಕಾತಿ, ಬಡ್ತಿ ಇವು ಹಳೆಯ ವಿಭಾಗಗಳ ಕೈಯಲ್ಲೇ ಇರುವವರೆಗೆ ಆ ಮಾತು ಕಾರ್ಯರೂಪಕ್ಕೆ ಬರುವುದು ಕಡಿಮೆ ಎಂಬುದನ್ನು ಈ ಕೊನೆಯ ಉದಾಹರಣೆ ನೆನಪಿಸುತ್ತದೆ.

ಪಠ್ಯಕ್ಕಿಂತ ತರಗತಿಯ ವಿಷಯದಲ್ಲಿ ನಮಗೆ ದೊರೆತಿರುವ ಪುರಾವೆ ಹೆಚ್ಚು ಗಟ್ಟಿಯಾದದ್ದು. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಹಾಗೂ ಗಣಿತದ ಪದವಿ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಅಧ್ಯಾಪಕರು ಉಪನ್ಯಾಸ ನೀಡಿ ವಿದ್ಯಾರ್ಥಿಗಳು ಕೇಳಿಸಿಕೊಳ್ಳುವ ತರಗತಿಗಳಲ್ಲಿ ಅನುತ್ತೀರ್ಣರಾದವರ ಪ್ರಮಾಣ ಸರಾಸರಿ ಶೇ 33.8 ಇದ್ದರೆ, ವಿದ್ಯಾರ್ಥಿಗಳೇ ಸಮಸ್ಯೆ ಬಿಡಿಸುತ್ತ, ಪಕ್ಕದವರೊಡನೆ ಚರ್ಚಿಸುತ್ತ, ಆಗಾಗ ಪ್ರಶ್ನೆಗಳಿಗೆ ಉತ್ತರಿಸುತ್ತ ಕಲಿಯುವ ಸಕ್ರಿಯ ತರಗತಿಗಳಲ್ಲಿ ಅದು ಶೇ 21.8ಕ್ಕೆ ಇಳಿದಿತ್ತು. 2020ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆಯು ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೂ ಉಳಿದವರಿಗೂ ಇರುವ ಅಂಕಗಳ ಅಂತರವನ್ನು ಈ ಪದ್ಧತಿ ಗಣನೀಯವಾಗಿ ಕಡಿಮೆ ಮಾಡುತ್ತದೆ ಎಂದು ಕಂಡುಕೊಂಡಿತು. ಅನುತ್ತೀರ್ಣರಾಗುವವರಲ್ಲಿ ಮೂರನೆಯ ಒಂದು ಭಾಗದಷ್ಟು ಜನರನ್ನು ಉಳಿಸಿಕೊಳ್ಳಬಲ್ಲ ವಿಧಾನ ಕೈಯಲ್ಲಿದ್ದೂ ಅದನ್ನು ಬಳಸದಿರುವುದು ನನ್ನ ದೃಷ್ಟಿಯಲ್ಲಿ ಉನ್ನತ ಶಿಕ್ಷಣದ ದೊಡ್ಡ ನಷ್ಟಗಳಲ್ಲೊಂದು.

ಹಾಗಾದರೆ ಎಲ್ಲ ಕಡೆಯೂ ಇದೇಕೆ ಜಾರಿಯಾಗಿಲ್ಲ? ಅಧ್ಯಾಪಕರ ಹಿಂಜರಿಕೆಯೊಂದೇ ಕಾರಣವಲ್ಲ. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದರ ಒಳಗುಟ್ಟನ್ನು ತೋರಿಸಿತು. ಒಂದೇ ವಿಷಯವನ್ನು ಒಂದು ಗುಂಪಿಗೆ ನಿರರ್ಗಳವಾದ ಉಪನ್ಯಾಸದ ಮೂಲಕವೂ ಇನ್ನೊಂದು ಗುಂಪಿಗೆ ಸಕ್ರಿಯ ಕಲಿಕೆಯ ಮೂಲಕವೂ ಕಲಿಸಿದಾಗ, ಸಕ್ರಿಯವಾಗಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ತಾವು ಎಷ್ಟು ಕಲಿತೆವೆಂದು ಕೇಳಿದಾಗ ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವೆಂದು ಹೇಳಿದರು. ಸರಾಗವಾಗಿ ಸಾಗುವ ಮಾತನ್ನು ಕೇಳುವಾಗ ಎಲ್ಲವೂ ಅರ್ಥವಾದಂತೆ ಭಾಸವಾಗುತ್ತದೆ. ತಾನೇ ತಡವರಿಸುತ್ತ, ತಪ್ಪು ಮಾಡುತ್ತ, ತಿದ್ದಿಕೊಳ್ಳುತ್ತ ಹೋಗುವಾಗ ಏನೂ ತಿಳಿಯುತ್ತಿಲ್ಲವೆನಿಸುತ್ತದೆ, ಕಲಿಕೆ ನಡೆಯುತ್ತಿರುವುದು ಮಾತ್ರ ಆ ತಡವರಿಕೆಯಲ್ಲೇ. ವಿದ್ಯಾರ್ಥಿಗಳು ಬರೆದುಕೊಡುವ ಅಭಿಪ್ರಾಯ ಪತ್ರಗಳ ಆಧಾರದ ಮೇಲೆ ಅಧ್ಯಾಪಕರನ್ನು ಅಳೆಯುವ ಸಂಸ್ಥೆಗಳು ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಚೆನ್ನಾಗಿ ಕಲಿಸಿದವರಿಗೇ ಅಲ್ಲಿ ಕಡಿಮೆ ಅಂಕ ಬರುವ ಸಾಧ್ಯತೆಯಿದೆ.

ಈ ದಾರಿಯನ್ನು ಇನ್ನೂ ಮುಂದಕ್ಕೆ ಒಯ್ದವರು ಸಮಸ್ಯೆ ಆಧಾರಿತ ಕಲಿಕೆಯ ಪ್ರವರ್ತಕರು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯು 1969ರಲ್ಲಿ ತನ್ನ ಮೊದಲ ತಂಡವನ್ನು ಸೇರಿಸಿಕೊಂಡಾಗ ಅಂಗರಚನೆ, ಶರೀರಕ್ರಿಯೆ ಎಂದು ವಿಷಯಗಳನ್ನು ವಿಂಗಡಿಸಿ ಪಾಠ ಹೇಳುವುದರ ಬದಲಿಗೆ ಒಬ್ಬ ರೋಗಿಯ ಲಕ್ಷಣಗಳನ್ನು ಚಿಕ್ಕ ಗುಂಪಿನ ಮುಂದಿಟ್ಟು, ಅದನ್ನು ಬಿಡಿಸಲು ಏನೇನು ತಿಳಿದಿರಬೇಕೆಂಬುದನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳುವ ಏರ್ಪಾಟು ಮಾಡಿತು. ಡೆನ್ಮಾರ್ಕಿನಲ್ಲಿ 1974ರಲ್ಲಿ ಆರಂಭವಾದ ಆಲ್‌ಬೋರ್ಗ್ ವಿಶ್ವವಿದ್ಯಾಲಯವು ಇಡೀ ಶಿಕ್ಷಣವನ್ನೇ ಗುಂಪು ಯೋಜನೆಗಳ ಸುತ್ತ ಕಟ್ಟಿತು. ಅಲ್ಲಿ ವಿದ್ಯಾರ್ಥಿಯ ಸಮಯದ ದೊಡ್ಡ ಪಾಲು ಸಹಪಾಠಿಗಳೊಡನೆ ಸೇರಿ ನಿಜವಾದ ಸಮಸ್ಯೆಯೊಂದನ್ನು ಬಿಡಿಸುವುದರಲ್ಲಿ ಕಳೆಯುತ್ತದೆ. ಭವಿಷ್ಯದ ಶಿಕ್ಷಣವೆಂದು ಇಂದು ಹೊಸದಾಗಿ ಪ್ರಚಾರ ಪಡೆಯುತ್ತಿರುವ ಎಷ್ಟೋ ಸಂಗತಿಗಳಿಗೆ ಅರ್ಧ ಶತಮಾನದ ಅನುಭವ ಹೀಗೆ ಆಗಲೇ ಒದಗಿದೆ.

ಕೆಲಸದ ಜಗತ್ತಿನೊಡನೆ ಸಂಬಂಧ ಬೆಸೆಯುವ ಯತ್ನ ಅದಕ್ಕೂ ಹಳೆಯದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 1906ರಲ್ಲಿ ಆರಂಭಿಸಿದ ಸಹಕಾರಿ ಶಿಕ್ಷಣ ಪದ್ಧತಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತರಗತಿ ಮತ್ತು ಕಾರ್ಖಾನೆಗಳ ನಡುವೆ ಪಾಳಿಯಂತೆ ಓಡಾಡುತ್ತಿದ್ದರು. 1957ರಲ್ಲಿ ಸ್ಥಾಪನೆಯಾದ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವು ಈ ಮಾದರಿಯನ್ನೇ ತನ್ನ ಗುರುತಾಗಿ ಬೆಳೆಸಿಕೊಂಡಿತು. ಇಂದು ಎಲ್ಲೆಡೆ ಕಡ್ಡಾಯವಾಗುತ್ತಿರುವ ಇಂಟರ್ನ್‌ಶಿಪ್‌ಗೂ ಇದಕ್ಕೂ ಮುಖ್ಯವಾದ ವ್ಯತ್ಯಾಸವಿದೆ. ರಜೆಯಲ್ಲಿ ಕೆಲವು ವಾರ ಕಚೇರಿಯೊಂದರಲ್ಲಿ ಕುಳಿತು ಪ್ರಮಾಣಪತ್ರ ತರುವುದು ಒಂದು ಬಗೆ. ಇಡೀ ಅವಧಿಯೊಂದನ್ನು ವೇತನ ಪಡೆದು ದುಡಿದು, ಮತ್ತೆ ತರಗತಿಗೆ ಮರಳಿ, ಕೆಲಸದಲ್ಲಿ ಎದುರಾದ ಪ್ರಶ್ನೆಗಳೊಂದಿಗೆ ಸಿದ್ಧಾಂತವನ್ನು ಓದಿ, ಪುನಃ ಕೆಲಸಕ್ಕೆ ಹೋಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ತರಗತಿ ಮತ್ತು ಕೆಲಸ ಪರಸ್ಪರ ಪ್ರಶ್ನಿಸುತ್ತವೆ. ಮೊದಲನೆಯದು ಎಷ್ಟೋ ಕಡೆ ಬರಿಯ ವಿಧಿಯಾಗಿ ಮುಗಿಯುತ್ತಿದೆ. ವೇತನವಿಲ್ಲದ ಇಂಟರ್ನ್‌ಶಿಪ್ಪನ್ನು ಕಡ್ಡಾಯ ಮಾಡಿದಾಗಲಂತೂ, ಓದಿನ ಜೊತೆಗೆ ಮನೆಗೂ ದುಡಿಯಬೇಕಾದ ವಿದ್ಯಾರ್ಥಿಗಳಿಗೆ ಅದು ಅವಕಾಶವಾಗುವುದಕ್ಕಿಂತ ಅಡ್ಡಿಯಾಗುವುದೇ ಹೆಚ್ಚು.

ಇನ್ನು ಕಾಲದ ಪ್ರಶ್ನೆ. ಪದವಿ ಎಂದರೆ ಮೂರೋ ನಾಲ್ಕೋ ವರ್ಷ, ವರ್ಷಕ್ಕೆ ಇಷ್ಟು ಗಂಟೆ, ಗಂಟೆಗಳಿಗೆ ತಕ್ಕಷ್ಟು ಕ್ರೆಡಿಟ್ ಎಂಬ ಲೆಕ್ಕ ನಮಗೆ ಸಹಜವೆನ್ನುವಷ್ಟು ರೂಢಿಯಾಗಿದೆ. ಇದರ ಮೂಲದಲ್ಲಿರುವುದು ಶಿಕ್ಷಣ ತತ್ತ್ವವೇನಲ್ಲ, ಪಿಂಚಣಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಕಾಲೇಜು ಅಧ್ಯಾಪಕರಿಗೆ ನಿವೃತ್ತಿ ವೇತನ ಕೊಡಲು ಮುಂದಾದಾಗ, ಯಾವ ಸಂಸ್ಥೆಯನ್ನು ಕಾಲೇಜೆಂದು ಪರಿಗಣಿಸಬೇಕು ಎಂಬ ಪ್ರಶ್ನೆ ಎದ್ದಿತು. ಪ್ರೌಢಶಾಲೆಯಲ್ಲಿ ಒಂದು ವಿಷಯವನ್ನು ವರ್ಷವಿಡೀ ಸುಮಾರು 120 ಗಂಟೆ ಓದುವುದನ್ನು ಒಂದು ಘಟಕವೆಂದು ಎಣಿಸಿ, ಅಂತಹ ಇಂತಿಷ್ಟು ಘಟಕಗಳನ್ನು ಪೂರೈಸಿದವರನ್ನೇ ಸೇರಿಸಿಕೊಳ್ಳುವ ಸಂಸ್ಥೆಗಳಿಗೆ ಪಿಂಚಣಿಯ ಅರ್ಹತೆ ಎಂದು ಗೊತ್ತುಪಡಿಸಲಾಯಿತು. ಕಾಲೇಜುಗಳು ಆ ಅಳತೆಯನ್ನು ಬೇಗನೆ ಒಪ್ಪಿಕೊಂಡವು. ಹೀಗೆ ಬೆಂಚಿನ ಮೇಲೆ ಕುಳಿತ ಸಮಯವೇ ಕಲಿಕೆಯ ಅಳತೆಯಾಗಿ ನೆಲೆಯೂರಿತು. ಯುರೋಪಿನಲ್ಲಿ 1989ರಲ್ಲಿ ಆರಂಭವಾದ ಕ್ರೆಡಿಟ್ ವರ್ಗಾವಣೆ ಪದ್ಧತಿಯು ತರಗತಿಯ ಸಮಯದ ಬದಲು ವಿದ್ಯಾರ್ಥಿಯ ಒಟ್ಟು ಶ್ರಮವನ್ನು ಲೆಕ್ಕಕ್ಕೆ ಹಿಡಿದು, ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆ ಎಂದು ಗೊತ್ತುಪಡಿಸಿತು. ಪದವಿ ಪದ್ಧತಿಗಳನ್ನು ಪರಸ್ಪರ ಹೊಂದಿಸಿಕೊಳ್ಳಲು ಯುರೋಪಿನ 29 ದೇಶಗಳು 1999ರಲ್ಲಿ ಸಹಿ ಹಾಕಿದ ಬೊಲೋನ್ಯಾ ಘೋಷಣೆಯ ನಂತರ ಒಂದು ದೇಶದಲ್ಲಿ ಗಳಿಸಿದ ಕ್ರೆಡಿಟ್ಟಿಗೆ ಇನ್ನೊಂದು ದೇಶದಲ್ಲಿ ಮಾನ್ಯತೆ ದೊರೆಯುವ ದಾರಿ ಸುಗಮವಾಯಿತು. ಆಗಲೂ ಎಣಿಸುತ್ತಿದ್ದುದು ಗಂಟೆಗಳನ್ನೇ.

ಈ ಲೆಕ್ಕವನ್ನು ಮುರಿದು ನೋಡಿದ ಸಂಸ್ಥೆಗಳೂ ಇವೆ. 1997ರಲ್ಲಿ ಸ್ಥಾಪನೆಯಾದ ಅಮೆರಿಕದ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯು ನಿಗದಿತ ಸಾಮರ್ಥ್ಯವನ್ನು ಸಾಬೀತುಪಡಿಸಿದ ಕೂಡಲೇ ಮುಂದಿನ ಹಂತಕ್ಕೆ ಹೋಗಬಹುದು. ಆಗಲೇ ಉದ್ಯೋಗದಲ್ಲಿದ್ದು ಅರ್ಧ ವಿಷಯವನ್ನು ಅನುಭವದಿಂದಲೇ ಅರಿತವರಿಗೆ ಇದು ಸಮಯವನ್ನೂ ಹಣವನ್ನೂ ಉಳಿಸುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯವು ವಿದ್ಯಾರ್ಥಿಯ ದಾಖಲಾತಿಯು ಪ್ರವೇಶದ ದಿನದಿಂದ 20 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ ಎಂದು ಸಾರಿ, ಹಳೆಯ ವಿದ್ಯಾರ್ಥಿಗಳು ಮರಳಿ ಬಂದು ಹೊಸ ಕೋರ್ಸುಗಳನ್ನು ಓದಲು ಬಾಗಿಲು ತೆರೆದಿಟ್ಟಿತು. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಂದು ವರ್ಷ ಓದಿ ಬಿಟ್ಟವರಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂಬ ನಿರ್ಗಮನದ ಹಂತಗಳನ್ನು ರೂಪಿಸಿ, ಗಳಿಸಿದ ಕ್ರೆಡಿಟ್ಟುಗಳನ್ನು ಕೂಡಿಡುವ ಬ್ಯಾಂಕನ್ನು ಪ್ರಸ್ತಾಪಿಸಿತು. ಯುರೋಪಿಯನ್ ಒಕ್ಕೂಟವು 2022ರಲ್ಲಿ ಚಿಕ್ಕ ಕೋರ್ಸುಗಳಿಗೆ ಕೊಡುವ ಕಿರು ಪ್ರಮಾಣಪತ್ರಗಳಿಗೆ ಸಮಾನ ಮಾನದಂಡವನ್ನು ಶಿಫಾರಸು ಮಾಡಿತು. ಇವೆಲ್ಲದರ ಹಿಂದಿರುವ ಆಲೋಚನೆ ಒಂದೇ: ಬದುಕಿನ ಮೊದಲ ಭಾಗದಲ್ಲಿ ಓದಿ ಮುಗಿಸಿ ಉಳಿದ ಭಾಗದಲ್ಲಿ ದುಡಿಯುವ ಕ್ರಮವು ಇನ್ನು ನಡೆಯದು, ಓದಿಗೆ ಮರಳಿ ಬರುವುದನ್ನು ಸುಲಭ ಮಾಡಬೇಕು.

ಇಲ್ಲಿ ತಂತ್ರಜ್ಞಾನದ ಕುರಿತು ಒಂದು ಎಚ್ಚರಿಕೆ ಅಗತ್ಯ. 2012ರಲ್ಲಿ ಕೋರ್ಸೆರಾ, ಎಡ್‌ಎಕ್ಸ್ ಮೊದಲಾದ ಆನ್‌ಲೈನ್ ಕೋರ್ಸುಗಳ ವೇದಿಕೆಗಳು ಆರಂಭವಾದಾಗ, ಶ್ರೇಷ್ಠ ಅಧ್ಯಾಪಕರ ಪಾಠ ಎಲ್ಲರಿಗೂ ಉಚಿತವಾಗಿ ಸಿಗುವುದರಿಂದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳ ಕಾಲ ಮುಗಿಯಿತೆಂಬ ಮಾತು ಬಲವಾಗಿ ಕೇಳಿಬಂತು. ಆದರೆ ಎಂಐಟಿ ಮತ್ತು ಹಾರ್ವರ್ಡ್‌ಗಳ ಇಂತಹ ಕೋರ್ಸುಗಳ ದತ್ತಾಂಶವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 2017-18ರಲ್ಲಿ ಸೇರಿದವರ ಪೈಕಿ ಕೋರ್ಸನ್ನು ಪೂರ್ಣಗೊಳಿಸಿದವರು ಶೇ 3ರ ಆಸುಪಾಸು ಮಾತ್ರ. ಇದಕ್ಕೆ ಎದುರಾಗಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯವು 2014ರಲ್ಲಿ ಆರಂಭಿಸಿದ ಕಂಪ್ಯೂಟರ್ ವಿಜ್ಞಾನದ ಆನ್‌ಲೈನ್ ಸ್ನಾತಕೋತ್ತರ ಪದವಿಯು ಕ್ಯಾಂಪಸ್ಸಿನ ಪದವಿಗಿಂತ ಬಹಳ ಕಡಿಮೆ ಶುಲ್ಕಕ್ಕೆ ದೊರೆತು ಯಶಸ್ವಿಯಾಯಿತು, ಅದಕ್ಕೆ ಬಂದವರೂ ಬೇರೆಯೇ ಆಗಿದ್ದರು. ಕ್ಯಾಂಪಸ್ಸಿಗೆ ಅರ್ಜಿ ಹಾಕುವವರ ಸರಾಸರಿ ವಯಸ್ಸು 24ರ ಹತ್ತಿರವಿದ್ದರೆ ಇಲ್ಲಿ ಅದು 34ರ ಹತ್ತಿರವಿತ್ತು. ಬಹುಪಾಲು ಜನ ಉದ್ಯೋಗದಲ್ಲಿದ್ದು, ಈ ಕೋರ್ಸ್ ಇಲ್ಲದಿದ್ದರೆ ಮತ್ತೆ ಓದಲು ಹೋಗದೇ ಇರುತ್ತಿದ್ದವರು. ವೀಡಿಯೊ ಎರಡೂ ಕಡೆ ಇತ್ತು. ಜಾರ್ಜಿಯಾ ಟೆಕ್‌ನಲ್ಲಿ ಅದರೊಡನೆ ಗಡುವು, ಬೋಧನಾ ಸಹಾಯಕರು, ಕಟ್ಟುನಿಟ್ಟಾದ ಮೌಲ್ಯಮಾಪನ ಮತ್ತು ಮಾನ್ಯತೆಯಿದ್ದ ಪದವಿಯೂ ಇದ್ದವು.

ವಿದ್ಯಾರ್ಥಿಯ ಬೆನ್ನ ಹಿಂದೆ ಯಾರಾದರೂ ಇರುವುದು ಎಷ್ಟು ಮುಖ್ಯ ಎಂಬುದಕ್ಕೆ ಜಾರ್ಜಿಯಾ ರಾಜ್ಯ ವಿಶ್ವವಿದ್ಯಾಲಯದ ಅನುಭವವೂ ಸಾಕ್ಷಿ. ಅಲ್ಲಿ 2012ರಿಂದ ವಿದ್ಯಾರ್ಥಿಗಳ ಹಾಜರಾತಿ, ಅಂಕ, ನೋಂದಣಿ ಮುಂತಾದ ನೂರಾರು ಸೂಚಕಗಳನ್ನು ಗಮನಿಸಿ, ಯಾರಾದರೂ ಎಡವುವ ಲಕ್ಷಣ ಕಂಡ ಕೂಡಲೇ ಸಲಹೆಗಾರರು ಅವರನ್ನು ಸಂಪರ್ಕಿಸುವ ವ್ಯವಸ್ಥೆಯಿದೆ. 2003ರ ಹೊತ್ತಿಗೆ ಅಲ್ಲಿ ಆರು ವರ್ಷಗಳೊಳಗೆ ಪದವಿ ಪೂರೈಸುವವರು ಮೂರನೆಯ ಒಂದು ಭಾಗದಷ್ಟಿದ್ದರೆ, ಮುಂದೆ ಆ ಪ್ರಮಾಣ ಅರ್ಧವನ್ನು ದಾಟಿತು. ಗಣಕಯಂತ್ರದ ಪಾತ್ರ ಮುನ್ಸೂಚನೆ ಕೊಡುವುದಷ್ಟೆ. ಫಲ ಬಂದದ್ದು ಆ ಸೂಚನೆಯನ್ನು ಹಿಡಿದು ವಿದ್ಯಾರ್ಥಿಯೊಡನೆ ಕುಳಿತು ಮಾತನಾಡುವ ಸಲಹೆಗಾರರ ಸಂಖ್ಯೆಯನ್ನು ಹೆಚ್ಚಿಸಿದ್ದರಿಂದ ಎಂದು ನಾನು ತಿಳಿಯುತ್ತೇನೆ.

ಇನ್ನು ಮೌಲ್ಯಮಾಪನ. 2022ರ ನವೆಂಬರ್ 30ರಂದು, ಕೇಳಿದ್ದನ್ನು ಬರೆದುಕೊಡುವ ಚಾಟ್‌ಬಾಟ್ ಆದ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ, ಮನೆಯಲ್ಲಿ ಬರೆದು ತರುವ ಪ್ರಬಂಧ, ವರದಿ ಮತ್ತು ಪ್ರೋಗ್ರಾಂಗಳು ವಿದ್ಯಾರ್ಥಿಯ ತಿಳಿವಳಿಕೆಗೆ ಪುರಾವೆಯಾಗುವುದು ನಿಂತಿತು. ಈ ಮಾತಿನ ತೀವ್ರತೆಯನ್ನು ಎಷ್ಟೋ ಸಂಸ್ಥೆಗಳು ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ. ಹಲವರು ಮೊದಲು ಹುಡುಕಿದ್ದು ಯಂತ್ರ ಬರೆದದ್ದನ್ನು ಪತ್ತೆಹಚ್ಚುವ ಇನ್ನೊಂದು ಯಂತ್ರವನ್ನು. ಅದು ಫಲಿಸಲಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿಯೇ ಬಿಡುಗಡೆ ಮಾಡಿದ್ದ ಪತ್ತೆ ಸಾಧನವನ್ನು, ನಿಖರತೆ ಸಾಲದೆಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂತಹ ಏಳು ಸಾಧನಗಳನ್ನು ಪರೀಕ್ಷಿಸಿ, ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳು ಸ್ವತಃ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರವಣಿಗೆಯೆಂದು ತಪ್ಪಾಗಿ ಗುರುತಿಸಿದವೆಂದು ತೋರಿಸಿದರು. ಎರಡನೆಯ ಭಾಷೆಯಲ್ಲಿ ಬರೆಯುವವರು ಸರಳ, ಪರಿಚಿತ ಪದಗಳನ್ನು ಹೆಚ್ಚಾಗಿ ಬಳಸುತ್ತಾರೆ. ಆ ಊಹಿಸಬಹುದಾದ ಪದಪ್ರಯೋಗವೇ ಸಾಧನದ ಕಣ್ಣಿಗೆ ಯಂತ್ರದ ಲಕ್ಷಣವಾಗಿ ಕಾಣುತ್ತದೆ. ಇಂತಹ ಸಾಧನದ ಮಾತನ್ನೇ ನಂಬಿ ವಿದ್ಯಾರ್ಥಿಯ ಮೇಲೆ ನಕಲಿನ ಆರೋಪ ಹೊರಿಸುವುದು ಅನ್ಯಾಯ. ಇದನ್ನು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಹಾಗೆಂದು ಯಂತ್ರದ ಬಳಕೆಯನ್ನು ಮುಕ್ತವಾಗಿ ಬಿಟ್ಟುಬಿಡುವುದೂ ಪರಿಹಾರವಲ್ಲ. ಟರ್ಕಿಯ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳೊಡನೆ ನಡೆದ ಗಣಿತದ ಪ್ರಯೋಗವೊಂದು ಶಾಲೆಗೆ ಸಂಬಂಧಿಸಿದ್ದಾದರೂ ವಿಶ್ವವಿದ್ಯಾಲಯಗಳಿಗೂ ಪಾಠವಾಗಬಲ್ಲದು. ಅಭ್ಯಾಸದ ವೇಳೆ ಸಾಮಾನ್ಯ ಚಾಟ್‌ಬಾಟ್ ಬಳಸಿದ ಗುಂಪು ಲೆಕ್ಕಗಳನ್ನು ಬಿಡಿಸುವುದರಲ್ಲಿ ಶೇ 48ರಷ್ಟು ಮೇಲುಗೈ ಸಾಧಿಸಿತು. ಆದರೆ ಬಳಿಕ ಯಂತ್ರವಿಲ್ಲದೆ ಪರೀಕ್ಷೆ ಬರೆದಾಗ, ಅದನ್ನು ಎಂದೂ ಬಳಸದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದಿತು. ಉತ್ತರವನ್ನು ನೇರವಾಗಿ ಕೊಡದೆ, ಅಧ್ಯಾಪಕರು ರೂಪಿಸಿದ ಸುಳಿವುಗಳನ್ನಷ್ಟೇ ನೀಡುವಂತೆ ಕಟ್ಟುಪಾಡು ಹಾಕಿದ ಚಾಟ್‌ಬಾಟ್ ಬಳಸಿದ ಗುಂಪಿನಲ್ಲಿ ಈ ಹಾನಿ ಬಹುಮಟ್ಟಿಗೆ ಕಾಣಲಿಲ್ಲ. ಇದೇ ತರ್ಕವನ್ನು ಅನುಸರಿಸಿ ಹಾರ್ವರ್ಡ್‌ನ ಕಂಪ್ಯೂಟರ್ ವಿಜ್ಞಾನದ ಪ್ರವೇಶಿಕ ಕೋರ್ಸೊಂದು 2023ರಲ್ಲಿ, ವಿದ್ಯಾರ್ಥಿಯನ್ನು ಉತ್ತರದ ದಿಕ್ಕಿಗೆ ನಡೆಸುವ ಆದರೆ ಉತ್ತರವನ್ನೇ ಬರೆದುಕೊಡದ ತನ್ನದೇ ಸಹಾಯಕವನ್ನು ಬಳಕೆಗೆ ತಂದಿತು. ಅದೇ ತಂತ್ರಜ್ಞಾನ ಒಂದು ಏರ್ಪಾಟಿನಲ್ಲಿ ಕಲಿಕೆಯನ್ನು ಕೆಡಿಸಿ, ಇನ್ನೊಂದರಲ್ಲಿ ಅದಕ್ಕೆ ಒತ್ತಾಸೆಯಾಗಬಹುದು. ಆ ಏರ್ಪಾಟನ್ನು ಮಾಡುವುದು ಅಧ್ಯಾಪಕರ ಕೆಲಸ.

ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯವು ಕೈಗೊಂಡಿರುವ ಕ್ರಮ ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕವೆಂದು ತೋರುತ್ತದೆ. ಅಲ್ಲಿ ಮೌಲ್ಯಮಾಪನವನ್ನು ಎರಡು ದಾರಿಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಮೇಲ್ವಿಚಾರಣೆಯಲ್ಲಿ, ಎದುರಾಎದುರು ನಡೆಯುವಂಥದ್ದು: ಮೌಖಿಕ ಪರೀಕ್ಷೆ, ಪ್ರಾತ್ಯಕ್ಷಿಕೆ, ಕೊಠಡಿಯಲ್ಲಿ ಬರೆಯುವ ಪರೀಕ್ಷೆ, ವಿದ್ಯಾರ್ಥಿಗೆ ನಿಜವಾಗಿ ಏನು ಗೊತ್ತು ಎಂಬುದನ್ನು ಇಲ್ಲಿ ಖಚಿತಪಡಿಸಿಕೊಳ್ಳಲಾಗುತ್ತದೆ. ಎರಡನೆಯದು ಮುಕ್ತವಾದದ್ದು, ಇದರಲ್ಲಿ ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆಯನ್ನು ಬಳಸಬಹುದು, ಅದನ್ನು ವಿವೇಚನೆಯಿಂದ ಬಳಸುವ ಬಗೆಯನ್ನು ಕಲಿಯುವುದೇ ಇದರ ಉದ್ದೇಶ. ಮೇಲ್ವಿಚಾರಣೆ ಇಲ್ಲದ ಕಡೆ ಯಂತ್ರವನ್ನು ಬಳಸಬೇಡಿ ಎಂದು ನಿಷೇಧ ಹೇರಿದರೆ ಆ ನಿಯಮವನ್ನು ಪಾಲಿಸಿದ ಪ್ರಾಮಾಣಿಕರಿಗೇ ನಷ್ಟವಾಗುತ್ತದೆ ಎಂಬುದನ್ನು ಈ ವಿಂಗಡಣೆ ಒಪ್ಪಿಕೊಳ್ಳುತ್ತದೆ.

ಮೌಖಿಕ ಪರೀಕ್ಷೆ ಹೊಸ ಆವಿಷ್ಕಾರವೇನಲ್ಲ. ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಾದ ಮಂಡಿಸಿ, ಆಕ್ಷೇಪಗಳಿಗೆ ಉತ್ತರ ಕೊಟ್ಟು ಪದವಿ ಪಡೆಯುವುದೇ ವಾಡಿಕೆಯಾಗಿತ್ತು. ಕೇಂಬ್ರಿಡ್ಜ್‌ನಲ್ಲಿ ಲಿಖಿತ ಪರೀಕ್ಷೆ ಬಲಗೊಂಡದ್ದು 18ನೇ ಶತಮಾನದಲ್ಲಿ. ಬರೆದದ್ದನ್ನು ಮುಂದಿಟ್ಟು ಈ ವಿಧಾನವನ್ನೇ ಏಕೆ ಆರಿಸಿದಿರಿ, ಈ ಅಂಕಿಅಂಶ ಬೇರೆಯಾಗಿದ್ದರೆ ತೀರ್ಮಾನ ಏನಾಗುತ್ತಿತ್ತು ಎಂದು ಎರಡು ಪ್ರಶ್ನೆ ಕೇಳಿದರೆ ತಿಳಿದವರು ಯಾರು, ತಿಳಿಯದವರು ಯಾರು ಎಂಬುದು ಬೇಗನೆ ಗೊತ್ತಾಗುತ್ತದೆ. ಕೆಲಸದ ಜಾಗದಲ್ಲಿ ಮೇಲಧಿಕಾರಿಗಳೂ ಸಹೋದ್ಯೋಗಿಗಳೂ ಕೇಳುವುದು ಇಂತಹ ಪ್ರಶ್ನೆಗಳನ್ನೇ. ಆದರೆ ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. 300 ವಿದ್ಯಾರ್ಥಿಗಳಿರುವ ಒಂದು ಕೋರ್ಸಿನಲ್ಲಿ ತಲಾ 20 ನಿಮಿಷದ ಮೌಖಿಕ ಪರೀಕ್ಷೆ ನಡೆಸಲು 100 ಗಂಟೆ ಬೇಕು, ಅದೂ ಇಬ್ಬರು ಪರೀಕ್ಷಕರಿದ್ದರೆ ದುಪ್ಪಟ್ಟು. ಯುನೆಸ್ಕೊ ಲೆಕ್ಕದಂತೆ ಜಗತ್ತಿನಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವವರ ಸಂಖ್ಯೆ 26 ಕೋಟಿಯನ್ನು ದಾಟಿದ್ದು, ಅದು 2000ದಲ್ಲಿದ್ದುದರ ಎರಡು ಪಟ್ಟಿಗಿಂತ ಹೆಚ್ಚು. ಈ ಬೆಳವಣಿಗೆಯನ್ನು ಅನೇಕ ಕಡೆ ದೊಡ್ಡ ತರಗತಿಗಳು ಮತ್ತು ಅರೆಕಾಲಿಕ ಅಧ್ಯಾಪಕರ ಮೂಲಕ ನಿಭಾಯಿಸಲಾಗಿದೆ. ಕೋರ್ಸಿಗೊಂದು ತಾತ್ಕಾಲಿಕ ಒಪ್ಪಂದದ ಮೇಲೆ ಬಂದು ಹೋಗುವ ಬೋಧಕರಿಂದ ಪಠ್ಯವನ್ನು ಮರುರೂಪಿಸುವ, ಮೌಖಿಕ ಪರೀಕ್ಷೆಗೆ ಕೂರುವ, ಯೋಜನೆಗಳಿಗೆ ಮಾರ್ಗದರ್ಶನ ನೀಡುವ ಕೆಲಸವನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ಬಡ್ತಿಯು ಸಂಶೋಧನಾ ಪ್ರಬಂಧಗಳ ಸಂಖ್ಯೆಯನ್ನೇ ಅವಲಂಬಿಸಿರುವ ಕಡೆ ಕಾಯಂ ಅಧ್ಯಾಪಕರಿಗೂ ಇದಕ್ಕೆ ಪ್ರೋತ್ಸಾಹವಿರುವುದಿಲ್ಲ.

ಈ ಕಾರಣಕ್ಕಾಗಿಯೇ ಕೆಲವು ವಿಶ್ವವಿದ್ಯಾಲಯಗಳು ಪ್ರತಿ ಕೋರ್ಸಿನಲ್ಲೂ ಪ್ರತಿಯೊಂದು ಅಸೈನ್‌ಮೆಂಟನ್ನೂ ಭದ್ರಪಡಿಸುವ ಯತ್ನವನ್ನು ಕೈಬಿಟ್ಟು, ಇಡೀ ಪದವಿಯನ್ನು ಒಂದಾಗಿ ನೋಡಲು ತೊಡಗಿವೆ. ನಾಲ್ಕು ವರ್ಷಗಳಲ್ಲಿ ಹತ್ತಾರು ಕೋರ್ಸುಗಳಿಗೂ ನೂರಾರು ಚಿಕ್ಕ ಅಂಕಗಳಿಗೂ ಕಾವಲು ಕಾಯುವುದರ ಬದಲು, ವರ್ಷಕ್ಕೆ ಒಂದೆರಡು ನಿರ್ಣಾಯಕ ಹಂತಗಳನ್ನು ಗುರುತಿಸಿ, ಅಲ್ಲಿ ವಿದ್ಯಾರ್ಥಿಯೊಡನೆ ಎದುರಾಎದುರು ಕುಳಿತು ಅಷ್ಟರವರೆಗೆ ಕಲಿತದ್ದನ್ನೆಲ್ಲ ಒಟ್ಟಾಗಿ ಪರಿಶೀಲಿಸುವುದು, ಉಳಿದ ಕೆಲಸಗಳನ್ನು ಅಂಕದ ಹಂಗಿಲ್ಲದ ಅಭ್ಯಾಸವಾಗಿ ಬಿಡುವುದು ಈ ಕ್ರಮದ ತಿರುಳು. ಇದರಿಂದ ಅಧ್ಯಾಪಕರ ಗಂಟೆಗಳು ಉಳಿಯುತ್ತವೆ, ಉಳಿದ ಗಂಟೆಗಳನ್ನು ಮೌಖಿಕ ಪರೀಕ್ಷೆಗೂ ಯೋಜನೆಗಳಿಗೂ ತಿರುಗಿಸಬಹುದು. ಆದರೆ ಹೀಗೆ ಮಾಡಬೇಕಾದರೆ ಒಂದು ಪದವಿಯ ಎಲ್ಲ ಅಧ್ಯಾಪಕರೂ ಒಟ್ಟಿಗೆ ಕುಳಿತು, ಯಾವ ವರ್ಷದ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕೆಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ. ತಮ್ಮ ತಮ್ಮ ಕೋರ್ಸನ್ನು ತಮ್ಮ ಇಚ್ಛೆಯಂತೆ ನಡೆಸಿಕೊಂಡು ಬಂದವರಿಗೆ ಹೊಸ ವಿಷಯವೊಂದನ್ನು ಪಠ್ಯಕ್ಕೆ ಸೇರಿಸುವುದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ, ಮತ್ತು ಈ ಕೆಲಸ ಈಗಷ್ಟೇ ಆರಂಭವಾಗಿದೆ.